ಆ ಬಯಾಪ್ಸಿ ಬೇಕಿರಲಿಲ್ಲ

ಗಟ್ಟಿ ಆಹಾರ ಎದೆಯಲ್ಲೇ ನಿಂತುಬಿಡುತ್ತದೆ ಎಂದು ಬಂದಿದ್ದ ರೋಗಿಗೆ ಎಂಡೋಸ್ಕೋಪಿ ಮಾಡಿದವನು ನಾನೇ. ಅನ್ನನಾಳದ ನಡುಭಾಗದಲ್ಲಿ ಒಳಕ್ಕೆ ಉಬ್ಬಿದ್ದ ಗಡ್ಡೆಯ ಮೇಲೆ ಲೋಳೆಪೊರೆ ಒಂದು ಗೀರೂ ಇಲ್ಲದೆ ನುಣುಪಾಗಿ ಹರಡಿತ್ತು. ಸ್ಕೋಪಿನ ತುದಿಯಿಂದ ಒತ್ತಿದರೆ ಗಡ್ಡೆ ಪೊರೆಯಡಿಯಲ್ಲಿ ಜಾರುತ್ತಿತ್ತು. ಅನ್ನನಾಳದ ನಿರಪಾಯಕಾರಿ ಗಡ್ಡೆಗಳಲ್ಲಿ ಅತಿ ಹೆಚ್ಚಾಗಿ ಕಾಣುವ ಲಿಯೋಮಯೋಮಾದ, ಅಂದರೆ ಸ್ನಾಯುವಿನಿಂದ ಬೆಳೆಯುವ ಗಡ್ಡೆಯ, ಲಕ್ಷಣವಿದು. ಹಾಗಿದ್ದೂ, ಕ್ಯಾನ್ಸರ್ ಕಣ್ತಪ್ಪಿ ಹೋದೀತೆಂಬ ಅಳುಕಿನಿಂದ ಒಂದೇ ಜಾಗದಲ್ಲಿ 4 ಬಾರಿ ಬಯಾಪ್ಸಿ ತೆಗೆದೆ. ವರದಿಯಲ್ಲಿ ಬಂದದ್ದು ಸಹಜ ಲೋಳೆಪೊರೆ ಮಾತ್ರ. ಗಡ್ಡೆ ಬೆಳೆದಿದ್ದದ್ದು ಸ್ನಾಯುಪದರದಲ್ಲಿ. ಬಯಾಪ್ಸಿಯ ಚೂರು ಕೀಳುವ ಸಣ್ಣ ಇಕ್ಕಳ, ಫೋರ್ಸೆಪ್ಸ್, ಅಷ್ಟು ಆಳಕ್ಕೆ ಇಳಿಯುವುದಿಲ್ಲ.

ಆಮೇಲೆ ಮಾಡಿಸಿದ, ಅನ್ನನಾಳದ ಒಳಗಿನಿಂದಲೇ ಗೋಡೆಯ ಪದರಗಳನ್ನು ತೋರಿಸುವ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್‌ನಲ್ಲಿ, 4ನೆಯದಾದ ಸ್ನಾಯುಪದರದಲ್ಲಿ ಅಂಚು ಸ್ಪಷ್ಟವಾಗಿದ್ದ 5 ಸೆಂ.ಮೀ. ಗಡ್ಡೆ ಕಂಡಿತು. ಅದನ್ನು ಮೊದಲೇ ಮಾಡಿಸಬೇಕಿತ್ತು. ಆ ಯಂತ್ರಕ್ಕೆ ವಾರಗಟ್ಟಲೆ ಸರದಿಯಿತ್ತು, ಆಡಳಿತಕ್ಕೆ ಬರೆದ ಪತ್ರಗಳಿಗೆ ಉತ್ತರ ಬಂದಿರಲಿಲ್ಲ ಎಂಬುದೆಲ್ಲ ನಿಜ. ಆದರೆ ಫೋರ್ಸೆಪ್ಸ್ ಕೇಳಿ ಪಡೆದವನು ನಾನು.

3 ವಾರಗಳ ನಂತರ ಬಲಗಡೆಯಿಂದ ಥೊರಾಕೋಸ್ಕೋಪಿ (ಎದೆಗೂಡಿನ ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಇಳಿಸಿ ಮಾಡುವ ಶಸ್ತ್ರಚಿಕಿತ್ಸೆ) ಮಾಡಿ, ಸ್ನಾಯುವನ್ನು ಉದ್ದಕ್ಕೆ ಸೀಳಿದಾಗ ಬಿಳಿಯ, ಗಟ್ಟಿಯಾದ ಗಡ್ಡೆ ಕಾಣಿಸಿತು. ಸುತ್ತಲೂ ಸಲೀಸಾಗಿ ಬಿಟ್ಟುಕೊಂಡು ಬಂದದ್ದು ಬೆರಳ ತುದಿಯಷ್ಟು ಜಾಗದಲ್ಲಿ ಮಾತ್ರ ಬಿಡಲಿಲ್ಲ. ಬಯಾಪ್ಸಿಯ ಗಾಯ ಕಲೆಗಟ್ಟಿ ಪೊರೆಯನ್ನು ಗಡ್ಡೆಗೆ ಅಂಟಿಸಿತ್ತು. ಅಲ್ಲಿ ನಿಧಾನವಾಗಿ ಬಿಡಿಸುವ ಬದಲು ತುಸು ಎಳೆದೆ. ಗಡ್ಡೆ ಕೈಗೆ ಬಂತು. ಎದೆಗೂಡಿಗೆ ಸಲೈನ್ ತುಂಬಿಸಿ ಸ್ಕೋಪಿನಿಂದ ಅನ್ನನಾಳದೊಳಕ್ಕೆ ಗಾಳಿ ಬಿಡಿಸಿದಾಗ, ಒಂದೇ ಬಿಂದುವಿನಿಂದ ಸಣ್ಣ ಗುಳ್ಳೆಗಳ ಎಳೆಯೊಂದು ಮೇಲೇರಿತು.

"ಶ್ವಾಸಕೋಶ ಹಿಗ್ಗಿಸಲೇ ಸರ್?" ಎಂದು ಅರಿವಳಿಕೆ ವೈದ್ಯರು ಕೇಳಿದರು. "ಬೇಡ, ಪೊರೆ ಹರಿದಿದೆ" ಎಂದೆ. ಆ ಮಾತು ಆಡುವುದು ಕಷ್ಟವಾಯಿತು. ಈ ರಂಧ್ರ ಗಮನಕ್ಕೆ ಬಾರದೆ ಹೋಗಿದ್ದರೆ ಎದೆಯೊಳಗೆ ಕೀವು ತುಂಬಿ ಜೀವಕ್ಕೇ ಕುತ್ತಾಗುತ್ತಿತ್ತು. ಅರ್ಧ ಸೆಂ.ಮೀ. ಹರಿದಿದ್ದ ಪೊರೆಗೆ ಕರಗುವ ನೂಲಿನಿಂದ ಬಿಡಿ ಹೊಲಿಗೆಗಳನ್ನು ಹಾಕಿ, ಅದರ ಮೇಲೆ ಸ್ನಾಯುವನ್ನು ಕೂಡಿಸಿ ಹೊಲಿದೆ. ಸ್ನಾಯುವನ್ನು ಹಾಗೆಯೇ ತೆರೆದು ಬಿಟ್ಟರೆ ಮುಂದೆ ಪೊರೆ ಚೀಲದಂತೆ ಹೊರಕ್ಕೆ ಉಬ್ಬಬಹುದು. ಎರಡನೆಯ ಸಲ ಗಾಳಿ ಬಿಟ್ಟಾಗ ನೀರು ಕದಲಲಿಲ್ಲ.

ಪೊರೆ ನುಣುಪಾಗಿದ್ದು, ಹುಣ್ಣಿಲ್ಲದೆ, ಅಡಿಯಲ್ಲಿ ಗಡ್ಡೆ ಜಾರುತ್ತಿದ್ದರೆ ಈಗ ನಾನು ಬಯಾಪ್ಸಿ ತೆಗೆಯುವುದಿಲ್ಲ, ಕಿರಿಯರಿಗೂ ಬಿಡುವುದಿಲ್ಲ.

ಮರುದಿನ ಬೆಳಿಗ್ಗೆ ರೋಗಿಯ ಪಕ್ಕ ಕುಳಿತು ನಡೆದದ್ದನ್ನೆಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ: ನೀರು ಯಾವಾಗ ಕುಡಿಯಬಹುದು? 5 ದಿನ ಕಾಯಿಸಬೇಕಾಯಿತು. 5ನೆಯ ದಿನ ಎಕ್ಸ್‌ರೇ ಪರದೆಯ ಮೇಲೆ ಕಾಂಟ್ರಾಸ್ಟ್ (ಎಕ್ಸ್‌ರೇಯಲ್ಲಿ ಕಾಣುವ ದ್ರವ) ಎಲ್ಲಿಯೂ ಸೋರದೆ ಜಠರಕ್ಕಿಳಿದದ್ದನ್ನು ನೋಡಿದ ಮೇಲೆ, ಮೊದಲ ಲೋಟ ನೀರನ್ನು ನಾನೇ ಅವರ ಕೈಗಿತ್ತೆ.