ಮೂರು ಗಂಟೆ ಬಿಸಿಲಿಗೆ ನನ್ನನ್ನೇ ಕೂರಿಸಿದರು

ನಂದು ಬೆಂಗಳೂರಿನಲ್ಲಿ ಫ್ಯಾಬ್ರಿಕೇಶನ್ ಕೆಲಸ. ಗೇಟು, ಗ್ರಿಲ್ಲು, ಕಾರ್ ಶೆಡ್ಡು. ಈಚೆಗೆ ಜಾಸ್ತಿ ಬರುತ್ತಿರುವುದು ಸಿಟೌಟಿಗೆ ಮೇಲ್ಛಾವಣಿ ಹಾಕುವ ಕೆಲಸ. ಗಿರಾಕಿಗಳು ಅದನ್ನು ಪ್ಯಾಟಿಯೋ ಅಂತಾರೆ, ಅವರ ಅಮ್ಮಂದಿರು ಜಗಲಿ ಅಂತಾರೆ. ಇಬ್ಬರೂ ಮೊದಲು ಕೇಳುವುದು ಒಂದೇ: "ಸ್ಕ್ವೇರ್ ಫೀಟಿಗೆ ಎಷ್ಟಾಗುತ್ತೆ?" ನಾನೂ ಅದಕ್ಕೆ ಉತ್ತರ ಹೇಳಿಕೊಂಡೇ ಕೆಲಸ ಶುರು ಮಾಡುತ್ತಿದ್ದೆ.

ವಿದ್ಯಾರಣ್ಯಪುರದಲ್ಲಿ ಒಂದು ಮನೆ. ಹಿಂದುಗಡೆ ಅಡುಗೆಮನೆಗೆ ಅಂಟಿಕೊಂಡು 10 ಅಡಿಗೆ 18 ಅಡಿ ಜಾಗ, ಪಶ್ಚಿಮಕ್ಕೆ ಮುಖ. ಮನೆಯಾಕೆ ಹೇಳಿದ್ದು ಒಂದೇ ಮಾತು, ಅಡುಗೆಮನೆ ಕತ್ತಲಾಗಬಾರದು. ಸರಿ, ಪಾರದರ್ಶಕ ಪಾಲಿಕಾರ್ಬೊನೇಟ್ ಅಂದೆ, ಗಾಜಿನಂತೆ ಬೆಳಕು ಬಿಡುವ ಗಟ್ಟಿ ಪ್ಲಾಸ್ಟಿಕ್. 10 ಮಿಲಿಮೀಟರ್ ಶೀಟು, ಒಳಗೆ ಟೊಳ್ಳಿರುವಂಥದ್ದು, ಆರು ತುಂಡು. ಡಿಸೆಂಬರಿನಲ್ಲಿ ಹಾಕಿ ಮುಗಿಸಿದೆವು. ಚಳಿಗಾಲದ ಎಳೆ ಬಿಸಿಲು ಒಳಗೆ ಬರುವುದನ್ನು ನೋಡಿ ನಾನೇ ನಾಲ್ಕು ಫೋಟೋ ತೆಗೆದುಕೊಂಡೆ. ಬೇರೆ ಗಿರಾಕಿಗಳಿಗೆ ತೋರಿಸೋಕೆ.

ಮಾರ್ಚಿನಲ್ಲಿ ಫೋನ್ ಬಂತು. "ಮಧ್ಯಾಹ್ನ ಮೂರಕ್ಕೆ ಬನ್ನಿ" ಅಂದರು. ಹೋದೆ. ಸೋರುತ್ತಿದೆಯೇನೋ ಅಂತ ಸಂದಿ ಮುಚ್ಚುವ ಸಿಲಿಕೋನ್ ಗನ್ನೂ ಹಿಡಿದುಕೊಂಡು ಹೋಗಿದ್ದೆ. ಅವರ ಅತ್ತೆ ಆ ಛಾವಣಿ ಕೆಳಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ, "ಕೂತ್ಕೊಳಪ್ಪ, ಕಾಫಿ ತರ್ತೀನಿ" ಅಂದರು. ಬಿಸಿ ಕಾಫಿ ಬಂತು. ಕುಡಿದು ಮುಗಿಸುವಷ್ಟರಲ್ಲಿ ಬೆನ್ನಿಗೆ ಶರ್ಟು ಅಂಟಿಕೊಂಡಿತ್ತು. ಏಳೋಣ ಅಂದರೆ ಅಜ್ಜಿ ಬಾಗಿಲಲ್ಲೇ ನಿಂತಿದ್ದಾರೆ. "ಇನ್ನೊಂದು ಹತ್ತು ನಿಮಿಷ ಕೂರು. ನಾವು ದಿನಾ ಕೂರೋ ಜಾಗ ಅಲ್ವಾ ಇದು?" ನನ್ನ ಪಕ್ಕದಲ್ಲೇ ನೆಲದ ಮೇಲೆ ಹಳೇ ಸೀರೆ ಹಾಸಿ ಸಂಡಿಗೆ ಒಣಗಿಸಿದ್ದರು. ಗರಿಗರಿಯಾಗಿ ಒಣಗಿತ್ತು. "ಅದೊಂದಕ್ಕೆ ಚೆನ್ನಾಗಿದೆ ನೋಡು ನಿನ್ನ ಶೀಟು" ಅಂದರು.

ತಪ್ಪು ಶೀಟಿನದಲ್ಲ. ಪಶ್ಚಿಮಕ್ಕೆ ಮುಖ ಮಾಡಿದ ಜಾಗ, ಮೂರೂ ಕಡೆ ಕಾಂಪೌಂಡು, ಗಾಳಿ ಆಡಲು ದಾರಿ ಇಲ್ಲ. ಅಲ್ಲಿಗೆ ಪಾರದರ್ಶಕ ಶೀಟು ಹಾಕಿದರೆ ಬಿಸಿಲು ಒಳಗೆ ಬಂದು ಧಗೆಯಾಗಿ ಕೂತುಬಿಡುತ್ತದೆ. ಅಗ್ಗದ ಪರಿಹಾರ ಅಂತ ಶೀಟಿನ ಕೆಳಗೆ ಬಿದಿರಿನ ಚಿಕ್ ಪರದೆ ಕಟ್ಟಿಸಿದೆ. ನೆರಳು ಬಿತ್ತು, ಧಗೆ ಹೋಗಲಿಲ್ಲ. ಬಿಸಿಲನ್ನು ಶೀಟಿನ ಮೇಲೇ ತಡೆಯಬೇಕು. ಒಳಗೆ ಬಂದ ಮೇಲೆ ಪರದೆ ಕಟ್ಟಿ ಏನು ಸುಖ?

ಎರಡು ವರ್ಷ ಹಾಗೇ ಹೇಗೋ ನಡೆಯಿತು. ಆಮೇಲೆ ಇನ್ನೊಂದು ಫೋನು. ಆರು ತುಂಡಿನಲ್ಲಿ ಎರಡು ಹಳದಿಯಾಗಿವೆ, ಉಳಿದ ನಾಲ್ಕು ಹೊಸದರಂತೆ ಇವೆ. ಅಂಗಡಿಯವನು ಕಲಬೆರಕೆ ಮಾಲು ಕೊಟ್ಟ ಅಂತ ಬೈದುಕೊಂಡೇ ಏಣಿ ಹತ್ತಿದೆ. ಬಿಚ್ಚಿ ಕೆಳಗಿಳಿಸಿ ಬಾಗಿಸಿ ನೋಡಿದರೆ ಮೂಲೆ ಚಟಕ್ ಅಂತ ಮುರಿಯಿತು. ಒಳ್ಳೆ ಪಾಲಿಕಾರ್ಬೊನೇಟ್ ಹಾಗೆ ಮುರಿಯುವುದಿಲ್ಲ. ಆಗ ಹೊಳೆಯಿತು, ಎರಡನ್ನೂ ತಲೆಕೆಳಗಾಗಿ ಹಾಕಿದ್ದೆವು.

ಈ ಶೀಟಿಗೆ ಸಾಮಾನ್ಯವಾಗಿ ಒಂದೇ ಬದಿಗೆ, ಶೀಟನ್ನು ಹಾಳುಮಾಡುವ ಬಿಸಿಲಿನ ಯುವಿ ಕಿರಣ ತಡೆಯುವ ಪದರ ಇರುತ್ತದೆ. ಆ ಬದಿ ಆಕಾಶ ನೋಡಬೇಕು. ಯಾವ ಬದಿ ಅಂತ ಮೇಲಿನ ಪ್ಲಾಸ್ಟಿಕ್ ಫಿಲ್ಮಿನ ಮೇಲೆ ಬರೆದಿರುತ್ತದೆ. ಫಿಲ್ಮ್ ಸುಲಿದ ಮೇಲೆ ಎರಡೂ ಬದಿ ಒಂದೇ ಥರ, ಕಣ್ಣಿಗೆ ಗೊತ್ತೇ ಆಗಲ್ಲ. ನಮ್ಮ ಹುಡುಗ ಕೆಲಸ ಬೇಗ ಆಗಲಿ ಅಂತ ಎರಡು ಶೀಟಿನ ಫಿಲ್ಮನ್ನು ಕೆಳಗೇ ಸುಲಿದಿದ್ದ. ಅವನನ್ನು ಬೈಯಲು ನನಗೆ ಬಾಯಿಲ್ಲ. ಆ ಹೊತ್ತಿಗೆ ನಾನು ಬೀದಿ ಮೂಲೆಯಲ್ಲಿ ಟೀ ಕುಡಿಯುತ್ತಿದ್ದೆ. ಈಗ ಅಂಚಿನ ಫಿಲ್ಮನ್ನು ಎರಡು ಇಂಚು ಮಾತ್ರ ಎತ್ತಿ ಕೂರಿಸುತ್ತೇವೆ, ಉಳಿದದ್ದನ್ನು ಸ್ಕ್ರೂ ಬಿಗಿದ ಮೇಲೆ ಸುಲಿಯುತ್ತೇವೆ.

ಬಿಚ್ಚಿದಾಗ ಇನ್ನೊಂದೂ ಕಂಡಿತು. ಸ್ಕ್ರೂ ತೂತುಗಳ ಸುತ್ತ ಕೂದಲೆಳೆಯಂಥ ಬಿರುಕು. ಮೂರು ಮೀಟರ್ ಉದ್ದದ ಶೀಟು ಬಿಸಿಯಲ್ಲಿ 40 ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 8 ಮಿಲಿಮೀಟರ್ ಹಿಗ್ಗುತ್ತದೆ, ತಣ್ಣಗಾದಾಗ ಅಷ್ಟೇ ಕುಗ್ಗುತ್ತದೆ. ತೂತು ಸ್ಕ್ರೂವಿನಷ್ಟೇ ಇದ್ದರೆ ಅದು ಎಲ್ಲಿಗೆ ಹೋಗಬೇಕು? ಸಂಜೆ ಹೊತ್ತು ಛಾವಣಿ ಟಕ್ ಟಕ್ ಅನ್ನುತ್ತದೆ ಅಂತ ಅಜ್ಜಿ ಮೊದಲೇ ಹೇಳಿದ್ದರು. ಬೆಕ್ಕು ಇರಬೇಕು ಅಂದಿದ್ದೆ.

ಈ ಸಲ ಎಲ್ಲಾ ಬಿಚ್ಚಿ ಹಾಕುವುದೆಂದು ತೀರ್ಮಾನವಾಯಿತು. ಕೂಲಿ ನನ್ನ ಮೇಲೆ, ಮಾಲು ಅವರದ್ದು. ಮನೆಯಾಕೆಗೆ ಮಂಗಳೂರು ಹೆಂಚಿನ ಆಸೆ. ನನಗೂ ಹೆಂಚು ಇಷ್ಟ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದಾಗಿನಿಂದ ಬಂದ ಸಾಮಾನು, ಸುಮ್ನೆ ಉಳಿದುಕೊಂಡಿಲ್ಲ. ಆದರೆ ಅದಕ್ಕೆ ಚೆನ್ನಾಗಿ ಇಳಿಜಾರು ಬೇಕು. ಇಲ್ಲಿ ಅಡುಗೆಮನೆ ಕಿಟಕಿ ಸಜ್ಜಾದ ಕೆಳಗೆ ಛಾವಣಿ ಬರಬೇಕು, ಹತ್ತು ಅಡಿಗೆ ಒಂದು ಅಡಿ ಇಳಿಸಲೂ ಜಾಗ ಸಾಲದು. ಇಷ್ಟು ಚಪ್ಪಟೆ ಮಾಡಿದರೆ ಗಾಳಿಮಳೆಯಲ್ಲಿ ನೀರು ಹೆಂಚಿನ ಸಂದಿಯಿಂದ ಹಿಂದಕ್ಕೆ ನುಗ್ಗುತ್ತದೆ. ತೂಕವೂ ಹಾಗೇ. ಪಾಲಿಕಾರ್ಬೊನೇಟ್ ಚದರ ಮೀಟರಿಗೆ 2 ಕೆಜಿಯೂ ಇರಲಿಲ್ಲ, ಒಂದು ಹೆಂಚೇ ಎರಡು ಕೆಜಿ ದಾಟುತ್ತದೆ. ನನ್ನ ಹಳೇ ಕಂಬಗಳು ಅದಕ್ಕಲ್ಲ.

ಕೊನೆಗೆ ಪಫ್ ಪ್ಯಾನೆಲ್ ಹಾಕಿದೆವು. ಎರಡು ತಗಡಿನ ನಡುವೆ ಫೋಮ್ ಇರುತ್ತದಲ್ಲ, ಅದು. ಬಿಸಿಲೂ ತಡೆಯುತ್ತದೆ, ಮಳೆಯ ಸದ್ದೂ ಬರೀ ತಗಡಿನಷ್ಟು ಬರುವುದಿಲ್ಲ. ಅಡುಗೆಮನೆ ಗೋಡೆಗೆ ಹತ್ತಿಕೊಂಡಂತೆ ಎರಡು ಅಡಿ ಮಾತ್ರ ಹಾಲುಬಣ್ಣದ ಪಾಲಿಕಾರ್ಬೊನೇಟ್ ಬಿಟ್ಟೆ, ಕಿಟಕಿಗೆ ಬೆಳಕು ಬೇಕಲ್ಲ. ಕಂಬದ ಬುಡ ಬಿಡಿಸಿ ನೋಡಿದಾಗ ನೆಲಕ್ಕೆ ತಾಗುವಲ್ಲೇ ತುಕ್ಕು ಸುರುವಾಗಿತ್ತು. ಬೇಸ್ ಪ್ಲೇಟ್ ಕೊಟ್ಟು ಎರಡು ಇಂಚು ಮೇಲೆತ್ತಿ, ವೆಲ್ಡಿಂಗ್ ಮಾಡಿದ ಕಡೆಯಲ್ಲೆಲ್ಲಾ ಜಿಂಕ್ (ಸತು) ಪೇಂಟ್ ಬಳಿದೆವು. ಜಿಐ ಪೈಪಿನ ಸತುವಿನ ಲೇಪ ವೆಲ್ಡಿಂಗ್ ಬೆಂಕಿಗೆ ಸುಟ್ಟುಹೋಗಿರುತ್ತದೆ, ಬರೀ ಬಣ್ಣ ಹೊಡೆದರೆ ಅಲ್ಲಿಂದಲೇ ತುಕ್ಕು ತಿನ್ನುತ್ತದೆ.

ನೆಲ ನನ್ನ ಕೆಲಸ ಅಲ್ಲ, ಆದರೂ ಬಾಯಿ ಹಾಕಿದೆ. ಅವರು ಹೊಳೆಯುವ ವಿಟ್ರಿಫೈಡ್ ಟೈಲ್ಸ್ ನೋಡಿಟ್ಟಿದ್ದರು. ಎರಚಲು ಬಿದ್ದರೆ ಅಜ್ಜಿ ಜಾರುತ್ತಾರೆ ಅಂದೆ. ಕೋಟಾ ಕಲ್ಲು ಅಂದರು. ಅದು ಸುಣ್ಣದ ಕಲ್ಲು, ಹುಣಸೆಹಣ್ಣು ನಿಂಬೆಹಣ್ಣು ಬಿದ್ದಲ್ಲೆಲ್ಲ ಕಲೆ. ಅಡುಗೆಮನೆ ಹಿಂದೆ ಅದೇ ತಾನೆ ಬೀಳುವುದು? ಕೊನೆಗೆ ಸಾದರಹಳ್ಳಿ ಕಲ್ಲು, ಅಂದರೆ ಗ್ರಾನೈಟ್, ಮೇಲ್ಮೈ ಒರಟು ಮಾಡಿಸಿದ್ದು.

ಈಗ ಯಾವ ಮನೆಗೆ ಹೋದರೂ ಸ್ಯಾಂಪಲ್ ಹಿಡಿದುಕೊಂಡು ಮಧ್ಯಾಹ್ನ ಮೂರಕ್ಕೇ ಹೋಗುತ್ತೇನೆ, ಅರ್ಧ ಗಂಟೆ ಅಲ್ಲೇ ಕೂರುತ್ತೇನೆ. ಮುರಿದ ಹಳದಿ ಮೂಲೆ ಸ್ಕೂಟರ್ ಡಿಕ್ಕಿಯಲ್ಲೇ ಇದೆ.

ಹೋದ ಏಪ್ರಿಲಿನಲ್ಲಿ ಆ ದಾರಿಯಲ್ಲಿ ಹೋಗುವಾಗ ಅವರ ಮನೆಗೆ ಹೋಗಿದ್ದೆ. ಮೂರು ಗಂಟೆಗೆ ಅಜ್ಜಿ ಛಾವಣಿ ಕೆಳಗೆ ಆರಾಮಾಗಿ ಕೂತು ಬಟಾಣಿ ಬಿಡಿಸುತ್ತಿದ್ದರು. ಖುಷಿಯಾಯಿತು. ಹೇಗಿದೆ ಅಜ್ಜಿ ಅಂದೆ.

"ತಂಪಾಗಿದೆ ಕಣಪ್ಪ. ಸಂಡಿಗೆ ಇಡೋಕೆ ಮಾತ್ರ ಮಂಡಿ ನೋವಲ್ಲಿ ಟೆರೇಸ್ ಹತ್ತಬೇಕು ಈಗ."