ನಾನು ನಿಲ್ಲುತ್ತೇನೆಂದು ನಿಮಗೆ ಯಾರು ಹೇಳಿದರು?

ಮಂಗಳವಾರ ಶಿರಾಡಿ ಘಾಟಿಯಲ್ಲಿ ಕೇಳಿಬಂದ ಒಂದು ಮಾತು ಇನ್ನೂ ತಲೆಯಿಂದ ಇಳಿದಿಲ್ಲ. ಪಾತ್ರೆ ತೊಳೆಯುವಾಗ, ರಾತ್ರಿ ದೀಪ ಆರಿಸಿದ ಮೇಲೆ, ಅದೇ ಮಾತು ಅದೇ ಧಾಟಿಯಲ್ಲಿ ಮತ್ತೆ ಬರುತ್ತದೆ. "ನಾನು ನಿಲ್ಲುತ್ತೇನೆಂದು ನಿಮಗೆ ಯಾರು ಹೇಳಿದರು?" ಕೇಳಿದವರು ಕಂಟೈನರ್ ಟ್ರೇಲರಿನ ಚಾಲಕರು. ಕೇಳಿಸಿಕೊಂಡವನು ಬಿಳಿ ಕಾರಿನ ಯುವಕ. ಉತ್ತರ ಅವನ ಬಳಿ ಇರಲಿಲ್ಲ.

ಅಕ್ಕ, ಭಾವ, ನಾನು ಬೆಳಿಗ್ಗೆ ಹಾಸನ ಬಿಟ್ಟು ಸುಬ್ರಹ್ಮಣ್ಯಕ್ಕೆ ಹೊರಟಿದ್ದೆವು. ನಮ್ಮದು ಟ್ರಾವೆಲರ್ ವ್ಯಾನನ್ನೇ ಮಾರ್ಪಡಿಸಿದ ಕ್ಯಾರವಾನ್. ಎರಡು ಹಾಸಿಗೆ, ಗ್ಯಾಸ್ ಒಲೆ, ಪುಟ್ಟ ಸಿಂಕ್, ಸೀಟಿನ ಕೆಳಗೆ ನೀರಿನ ಟ್ಯಾಂಕ್. ಎತ್ತರ ಒಂಬತ್ತು ಅಡಿ ಮೀರುತ್ತದೆ. ಓಡಿಸುವವಳು ನಾನೇ. ಭಾವನಿಗೆ ಮೊಣಕಾಲು ನೋವು, ಅಕ್ಕ ಸ್ಟಿಯರಿಂಗ್ ಮುಟ್ಟುವುದಿಲ್ಲ.

ಸಕಲೇಶಪುರ ದಾಟಿ ದೋಣಿಗಾಲ್ ಹತ್ತಿರ ಆ ಟ್ರೇಲರ್ ಮುಂದೆ ಸಿಕ್ಕಿತು. ಬೆನ್ನ ಮೇಲೆ ಇಪ್ಪತ್ತು ಅಡಿಯ ಕಂಟೈನರ್. ಅದರಲ್ಲಿದ್ದದ್ದು ನಮ್ಮ ಜಿಲ್ಲೆಯದೇ ಕಾಫಿ, ಮಂಗಳೂರು ಬಂದರಿಗೆ ಹೊರಟಿತ್ತು ಎಂದು ಆಮೇಲೆ ತಿಳಿಯಿತು. ಅಂಥ ಒಂದು ಕಂಟೈನರಿನಲ್ಲಿ ಸಾಮಾನ್ಯವಾಗಿ 60 ಕೆ.ಜಿ.ಯ 320 ಚೀಲ ಹಿಡಿಸುತ್ತದೆ. ಕಾಫಿಯೇ 19 ಟನ್ ದಾಟುತ್ತದೆ. ಅದರ ಮೇಲೆ ಕಂಟೈನರಿನ ತೂಕ, ಟ್ರೇಲರಿನ ತೂಕ. ಮನೆಮಂದಿಯೆಲ್ಲ ಹತ್ತಿ ಕುಳಿತರೂ ನಮ್ಮ ವ್ಯಾನ್ ನಾಲ್ಕು ಟನ್ನಿನ ಆಸುಪಾಸಿನಲ್ಲೇ ಇರುತ್ತದೆ. ಹಾಗಾಗಿ ನಾನು ಹಿಂದೆಯೇ ಉಳಿದೆ, ಸಾಕಷ್ಟು ದೂರದಲ್ಲಿ.

"ಏನಮ್ಮ, ಇವನ ಹಿಂದೆಯೇ ಹೋದರೆ ಸುಬ್ರಹ್ಮಣ್ಯದಲ್ಲಿ ಊಟದ ಹೊತ್ತು ಮುಗಿದಿರುತ್ತದೆ" ಎಂದರು ಭಾವ. "ಮುಗಿಯಲಿ ಭಾವ, ಒಲೆ ನಮ್ಮ ಜೊತೆಯಲ್ಲೇ ಇದೆಯಲ್ಲ" ಎಂದೆ. ಭಾವ ಬಹಳ ಒಳ್ಳೆಯವರು. ಆದರೆ ಪಕ್ಕದ ಸೀಟಿನಲ್ಲಿ ಕುಳಿತವರಿಗೆ ರಸ್ತೆ ಯಾವಾಗಲೂ ಖಾಲಿಯಾಗಿಯೇ ಕಾಣುತ್ತದೆ.

ಬಿಳಿ ಕಾರು ಹಿಂದಿನಿಂದ ಬಂದದ್ದು ಆಗಲೇ. ತಿರುವಿನಲ್ಲೇ ನಮ್ಮನ್ನು ದಾಟಿ, ನಮಗೂ ಟ್ರೇಲರಿಗೂ ನಡುವೆ ನಾನು ಬಿಟ್ಟಿದ್ದ ಜಾಗಕ್ಕೆ ತೂರಿಕೊಂಡಿತು. ಆ ಜಾಗ ಯಾರೂ ತುಂಬಲೆಂದು ಬಿಟ್ಟದ್ದಲ್ಲ. ಮತ್ತೊಂದು ತಿರುವು ಕಳೆಯುವಷ್ಟರಲ್ಲಿ ಟ್ರೇಲರನ್ನೂ ದಾಟಿ ಅದರ ಮೂತಿಯ ಮುಂದೆಯೇ ಎಡಕ್ಕೆ ಎಳೆದುಕೊಂಡಿತು. ಸ್ವಲ್ಪ ದೂರದಲ್ಲಿ ತಡೆಗೋಡೆಯ ಮೇಲೆ ಕೋತಿಗಳ ಹಿಂಡು ಕುಳಿತಿತ್ತು. ಕಾರಿನ ಕೆಂಪು ದೀಪ ಹತ್ತಿತು. ಕಿಟಕಿಯಿಂದ ಬಾಳೆಹಣ್ಣು ಹಿಡಿದ ಪುಟ್ಟ ಕೈಯೊಂದು ಹೊರಗೆ ಬಂತು.

ಎಂಜಿನ್ನಿನ ಹೊಗೆಯನ್ನು ತಡೆದು ವೇಗ ಇಳಿಸುವ ಟ್ರೇಲರಿನ ಎಕ್ಸಾಸ್ಟ್ ಬ್ರೇಕ್ ಆರ್ಭಟಿಸಿತು. ಹಾರ್ನ್ ನಿಲ್ಲದೆ ಕೂಗುತ್ತಲೇ ಇತ್ತು. ಹಿಂದಿನ ಚಕ್ರಗಳಿಂದ ಕಾಂಕ್ರೀಟಿನ ಮೇಲೆ ಹೊಗೆ ಎದ್ದಿತು, ಕಂಟೈನರ್ ಇಡಿಯಾಗಿ ಒಮ್ಮೆ ನಡುಗಿತು, ನಿಂತಿತು. ನಾನು ನಾಲ್ಕೂ ಇಂಡಿಕೇಟರ್ ಹಾಕಿ ದೂರದಲ್ಲಿ ನಿಲ್ಲಿಸಿದೆ. ಕ್ಲೀನರ್ ಹುಡುಗ ಕೆಳಗೆ ಹಾರಿ, ರಸ್ತೆಯಂಚಿನಿಂದ ಕಲ್ಲೊಂದನ್ನು ಎತ್ತಿ ತಂದು ಇಳಿಜಾರಿನ ಕಡೆಯಿಂದ ಚಕ್ರಕ್ಕೆ ಕೊಟ್ಟ. ಕೊಟ್ಟವನು ಎದ್ದು ನಿಲ್ಲಲಿಲ್ಲ, ಕಲ್ಲಿನ ಮೇಲೆ ಕೈಯಿಟ್ಟು ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತ. ಚಕ್ರದೊಳಗಿನ ಬ್ರೇಕ್ ಡ್ರಮ್ಮಿಗೆ ಒತ್ತಿಕೊಳ್ಳುವ ಲೈನರ್ ಕಾದ ವಾಸನೆ ನಮ್ಮವರೆಗೂ ಬಂತು. ಟ್ರೇಲರಿನ ಬಂಪರಿಗೂ ಕಾರಿಗೂ ನಡುವೆ ಒಬ್ಬ ಮನುಷ್ಯ ಅಡ್ಡವಾಗಿ ಮಾತ್ರ ನುಸುಳಬಹುದಿತ್ತು.

ಭಾವ ಬಾಗಿಲು ತೆರೆದು ಇಳಿದರು, ಹಿಂದೆಯೇ ನಾನೂ. ಚಾಲಕರು ನಿಧಾನವಾಗಿ ಕಾರಿನತ್ತ ನಡೆದುಹೋದರು. ಅವರು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಬಂತು: "ಬ್ರೇಕ್ ಇಲ್ಲವೇನೋ ನಿನ್ನ ಗಾಡಿಗೆ? ಮುಂದೆ ಕಾರು ನಿಂತರೆ ನಿಲ್ಲಿಸಬೇಕೆಂದು ಗೊತ್ತಿಲ್ಲವೇ?" ಹಾಗೆಂದವನ ಅಪ್ಪನ ವಯಸ್ಸು ಈ ಚಾಲಕರದು. "ಬ್ರೇಕ್ ಇದೆ ಸ್ವಾಮಿ" ಎಂದರು ಅವರು, ದನಿ ಏರಿಸದೆ. "ನಾನು ನಿಲ್ಲುತ್ತೇನೆಂದು ನಿಮಗೆ ಯಾರು ಹೇಳಿದರು?"

ಹಿಂದಿನ ಸೀಟಿನಲ್ಲಿ ಅರ್ಧ ಸುಲಿದ ಬಾಳೆಹಣ್ಣು ಹಿಡಿದುಕೊಂಡೇ ಮಗುವೊಂದು ಅವರನ್ನು ನೋಡುತ್ತಿತ್ತು. ಚಾಲಕರ ಕಣ್ಣು ಮಗುವಿನ ಮೇಲೆಯೇ ಇತ್ತು, ಅಪ್ಪನ ಮೇಲಲ್ಲ. ಕಿಟಕಿಯ ಗಾಜು ಏರಿತು, ಕಾರು ಹೊರಟುಹೋಯಿತು. ಒಂದು ಕ್ಷಮೆಯ ಮಾತೂ ಇಲ್ಲ. ಆ ಯುವಕ ಕೆಟ್ಟವನೆಂದು ನಾನು ಹೇಳಲಾರೆ, ಮಗುವಿಗೆ ಕೋತಿ ತೋರಿಸುವ ಆಸೆ ಯಾವ ಅಪ್ಪನಿಗಿಲ್ಲ? ಆದರೆ ತಾನು ಬ್ರೇಕ್ ಒತ್ತಿದ ಕೂಡಲೇ ಜಗತ್ತೆಲ್ಲ ನಿಲ್ಲುತ್ತದೆ ಎಂದುಕೊಂಡವನಿಗೆ ಘಾಟಿಯಲ್ಲಿ ಗಾಡಿ ಓಡಿಸುವ ಯೋಗ್ಯತೆ ಇಲ್ಲ. ಇದನ್ನು ಮೆತ್ತಗೆ ಹೇಳಲು ನನಗೆ ಬರುವುದಿಲ್ಲ.

ರಸ್ತೆ ಅಗಲವಾಗುವ ಕಡೆ ಟ್ರೇಲರ್ ಪೂರ್ತಿ ಅಂಚಿಗೆ ಸರಿದು ನಿಂತಿತು, ನಾವೂ ಹಿಂದೆ ನಿಂತೆವು. ಡ್ರಮ್ ತಣ್ಣಗಾಗುವವರೆಗೆ ಅವರು ಹೊರಡುವಂತಿರಲಿಲ್ಲ. ಅಕ್ಕ ಒಲೆ ಹಚ್ಚಿದಳು. ಕಾಫಿ ಎಂದು ಕೇಳಿದ್ದಕ್ಕೆ, "ಚಹಾ ಇದ್ದರೆ ಕೊಡಿ ತಾಯಿ" ಎಂದರು ಚಾಲಕರು. ಅವರ ಊರು ಬಾಣಾವರದ ಹತ್ತಿರ. ಲೋಟ ಹಿಡಿದ ಕೈ ಇನ್ನೂ ಸಣ್ಣಗೆ ನಡುಗುತ್ತಿತ್ತು.

ಭಾವ ನೀರಿನ ಕ್ಯಾನ್ ಎತ್ತಿಕೊಂಡು, ಚಕ್ರಕ್ಕೆ ಸುರಿದರೆ ಬೇಗ ಆರುತ್ತದಲ್ಲ ಎಂದರು. "ಬೇಡ ಸ್ವಾಮಿ, ಕಾದ ಡ್ರಮ್ ಬಿರುಕು ಬಿಡುತ್ತದೆ, ಗಾಳಿಗೇ ಆರಬೇಕು" ಎಂದು ಅವರು ತಡೆದರು. ಲಾರಿಯ ಬ್ರೇಕ್ ಹಿಡಿಯುವುದು ಗಾಳಿಯ ಒತ್ತಡದಿಂದ, ಕಾಲಿನಿಂದ ಒತ್ತಿದರೂ ಆ ಗಾಳಿ ಪೈಪುಗಳಲ್ಲಿ ಹರಿದು ಹಿಂದಿನ ಚಕ್ರಗಳವರೆಗೆ ತಲುಪಲು ಒಂದು ಗಳಿಗೆ ಬೇಕು, ಕಾರಿನ ಬ್ರೇಕಿನಂತೆ ಒತ್ತಿದ ತಕ್ಷಣ ಹಿಡಿಯುವುದಿಲ್ಲ ಎಂದರು. ಇಳಿಜಾರಿನಲ್ಲಿ ಮತ್ತೆ ಮತ್ತೆ ಒತ್ತಿದರೆ ಡ್ರಮ್ ಕಾದು ಹಿಗ್ಗುತ್ತದೆ, ಲೈನರ್ ಜಾರತೊಡಗುತ್ತದೆ, ಆಗ ಎಷ್ಟು ತುಳಿದರೂ ಪ್ರಯೋಜನವಿಲ್ಲ. ಅದಕ್ಕಾಗಿಯೇ ಅವರು ಘಾಟಿಯ ತಲೆಯಲ್ಲೇ ಸಣ್ಣ ಗೇರಿಗೆ ಬಂದು, ಎಂಜಿನ್ನಿನ ಹಿಡಿತದಲ್ಲೇ ಕೆಳಗಿನವರೆಗೂ ಇಳಿಯುತ್ತಾರೆ. ನಾವು ಆಮೆವೇಗ ಎಂದು ಬೈಯುವುದು ಅದನ್ನೇ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸುವವರೂ ಇದ್ದಾರೆ ಎಂದಾಗ ಮಾತ್ರ ಅವರ ಮುಖ ಗಂಟಿಕ್ಕಿತು.

ನಮ್ಮ ವ್ಯಾನನ್ನು ಒಂದು ಸುತ್ತು ಹಾಕಿ ನೋಡಿದರು. "ಅಕ್ಕಾ, ನೀವು ಹಿಂದೆ ಇದ್ದೀರೆಂದು ನನಗೆ ಮೊದಲಿನಿಂದ ಗೊತ್ತಿತ್ತು" ಎಂದರು. ಅವರ ಕನ್ನಡಿಯಲ್ಲಿ ನಾವು ಕಾಣುವಷ್ಟು ದೂರ ಉಳಿದಿದ್ದೆವು, ಅಷ್ಟೇ. ಬೆನ್ನಿಗೇ ಅಂಟಿಕೊಂಡರೆ ಒಂಬತ್ತು ಅಡಿಯ ಗಾಡಿಯೂ ಅವರ ಪಾಲಿಗೆ ಇಲ್ಲವೇ ಇಲ್ಲ. ಎಡಬದಿಯಂತೂ ಇನ್ನೂ ಅಪಾಯ, ಏಕೆಂದರೆ ಅವರು ಕೂರುವುದು ಬಲಕ್ಕೆ. ಮೂತಿಯ ಕೆಳಗೆ ಬಂದು ನಿಂತದ್ದೂ ಅಷ್ಟು ಎತ್ತರದಿಂದ ಕಾಣುವುದಿಲ್ಲ. ಕಡಿದಾದ ತಿರುವಿನಲ್ಲಿ ಟ್ರೇಲರಿನ ಹಿಂದಿನ ಚಕ್ರ ಮುಂದಿನದರ ಜಾಡಿನಲ್ಲಿ ಬರುವುದಿಲ್ಲ, ಒಳಗೆ ಕತ್ತರಿಸಿಕೊಂಡು ಬರುತ್ತದೆ. ಅದಕ್ಕೆ ಅವರು ಮೊದಲು ಹೊರಕ್ಕೆ ಹೋಗಿ ಆಮೇಲೆ ಒಳಕ್ಕೆ ತಿರುಗಿಸಬೇಕು. ಹೊರಕ್ಕೆ ಸರಿದದ್ದನ್ನು ಕಂಡು, ನಮಗೆ ದಾರಿ ಬಿಟ್ಟರು ಎಂದು ಒಳಮಗ್ಗುಲಿಗೆ ನುಗ್ಗುವವರನ್ನು ನಾನೂ ಎಷ್ಟೋ ಸಲ ಕಂಡಿದ್ದೇನೆ. ಮುಂದೆ ಹೋಗಿ ಎಂದು ಬಲ ಇಂಡಿಕೇಟರ್ ಹಾಕುವ ರೂಢಿಯನ್ನೂ ನಾನು ನಂಬುವುದಿಲ್ಲ. ಬಲಕ್ಕೆ ತಿರುಗುವವರೂ ಅದನ್ನೇ ಹಾಕುತ್ತಾರೆ. ನನ್ನ ಕಣ್ಣಿಗೆ ಎದುರಿನ ರಸ್ತೆ ಉದ್ದಕ್ಕೂ ಖಾಲಿ ಕಂಡರೆ ಮಾತ್ರ ಮುಂದಕ್ಕೆ ಹೋಗುತ್ತೇನೆ.

ಬಯಲಿನಲ್ಲಿ ಕಥೆಯೇ ಬೇರೆ. ಚನ್ನರಾಯಪಟ್ಟಣದ ಕಡೆಯ ನಾಲ್ಕು ಪಥದಲ್ಲಿ ಭಾರಿ ಲಾರಿ ಪಕ್ಕದಿಂದ ರಭಸವಾಗಿ ಹಾಯ್ದರೆ, ಅದರ ಗಾಳಿ ಮೊದಲು ನಮ್ಮನ್ನು ಆಚೆಗೆ ತಳ್ಳುತ್ತದೆ, ಲಾರಿ ಮುಂದೆ ಹೋಗುತ್ತಿದ್ದಂತೆ ಅದರತ್ತ ಸೆಳೆಯುತ್ತದೆ. ಚಪ್ಪಟೆ ಮೈಯ ಎತ್ತರದ ಗಾಡಿ ಬಿಚ್ಚಿದ ಕೊಡೆಯಂತೆ, ಗಾಳಿಗೆ ಸಿಕ್ಕರೆ ಬಿಡುವುದಿಲ್ಲ. ಆಗ ಸ್ಟಿಯರಿಂಗನ್ನು ಜಗ್ಗಬಾರದು. ಆಕ್ಸಿಲರೇಟರಿನಿಂದ ಕಾಲನ್ನು ತುಸು ಎತ್ತಿ, ಎರಡೂ ಕೈಯಲ್ಲಿ ಹಿಡಿದು, ಲಾರಿ ಹೋಗಲು ಬಿಡಬೇಕು. ಅರ್ಧ ತುಂಬಿದ ನೀರಿನ ಟ್ಯಾಂಕ್ ತಿರುವಿನಲ್ಲಿ ತುಳುಕಿ ಗಾಡಿಯನ್ನು ಎಳೆಯುತ್ತದೆ, ಆದ್ದರಿಂದ ಘಾಟಿಗೆ ಹೊರಡುವಾಗ ನಾನು ಒಂದೋ ಪೂರ್ತಿ ತುಂಬಿಸುತ್ತೇನೆ, ಇಲ್ಲವೇ ಖಾಲಿ ಮಾಡುತ್ತೇನೆ. ಭಾರದ ಸಾಮಾನು ಯಾವಾಗಲೂ ಕೆಳಗೆ.

ಆ ಪ್ರಶ್ನೆ ನನ್ನನ್ನು ಕಾಡುವುದು ಅದು ಕಾರಿನವನಿಗೆ ಮಾತ್ರ ಕೇಳಿದ್ದಲ್ಲ ಎನ್ನುವುದಕ್ಕೆ. ಲಾರಿಯವರು ನಿಲ್ಲುತ್ತಾರೆ, ಸರಿಯುತ್ತಾರೆ, ಸೈಡ್ ಕೊಡುತ್ತಾರೆ ಎಂದು ನಾವೆಲ್ಲ ನಂಬಿಯೇ ರಸ್ತೆಗೆ ಇಳಿಯುತ್ತೇವೆ. ಅವರು ನಿದ್ದೆಗೆಟ್ಟಿರಬಹುದು, ಡ್ರಮ್ ಕಾದಿರಬಹುದು, ಮಾಲೀಕನ ಫೋನ್ ಬಂದಿರಬಹುದು. ಅದು ಯಾವುದೂ ನಮ್ಮ ಲೆಕ್ಕದಲ್ಲಿಲ್ಲ. ಅಪಘಾತವಾದರೆ ಮಾತ್ರ ಜನ ಮೊದಲು ಹುಡುಕುವುದು ಲಾರಿ ಚಾಲಕನನ್ನು, ಹೊಡೆಯುವುದಕ್ಕೆ. ನಮಗೆ ಈ ರಸ್ತೆ ರಜೆಯ ದಾರಿ, ಅವರಿಗೆ ಅದೇ ಕಚೇರಿ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ಇವರದು ಹಳೆಯ ಗಾಡಿ, ಎಂಜಿನ್ನಿನ ಬಿಸಿಯೆಲ್ಲ ಕಾಲಡಿಗೇ ಬರುತ್ತದೆ. ಇಂಥ ಲಾರಿಗಳು ಇನ್ನೂ ಎಷ್ಟೋ ವರ್ಷ ಈ ಘಾಟಿ ಹತ್ತಿಳಿಯುತ್ತವೆ.

2024ರ ಜುಲೈಯಲ್ಲಿ ಇದೇ ದಾರಿಯ ದೊಡ್ಡತಪ್ಪಲೆಯಲ್ಲಿ ಗುಡ್ಡ ಕುಸಿದು ರಸ್ತೆ ಬಂದಾದಾಗ ಸಾಲುಗಟ್ಟಿ ನಿಂತವರೂ ಇವರೇ. ರಸ್ತೆ ಯಾವಾಗ ತೆರೆಯುತ್ತದೆ ಎಂದು ನಾವು ಮನೆಯಲ್ಲಿ ಕುಳಿತು ಕೇಳಿದೆವು, ಅವರು ಕ್ಯಾಬಿನ್ನಿನಲ್ಲಿ ಕುಳಿತು ಕಾದರು. ಇಳಿಯುವ ಲಾರಿಗಳು ನಿಂತು ಡ್ರಮ್ ಆರಿಸಿಕೊಳ್ಳಲು ಘಾಟಿಯಲ್ಲಿ ಅಗಲವಾದ ಜಾಗಗಳು, ಹತ್ತಿರದಲ್ಲೇ ನೀರು, ಶೌಚಾಲಯ ಬೇಕು. ಇಕ್ಕಟ್ಟಾದ ಬೆಟ್ಟದ ರಸ್ತೆಯಲ್ಲಿ ಇಳಿಯುವ ವಾಹನ ನಿಂತು, ಏರುವ ವಾಹನಕ್ಕೆ ದಾರಿ ಬಿಡಬೇಕೆಂದು 1989ರ ರಸ್ತೆ ನಿಯಮಗಳಲ್ಲೇ ಬರೆದಿತ್ತು. ಭಾರ ಹೊತ್ತು ಏರುವವನು ಒಮ್ಮೆ ನಿಂತರೆ ಮತ್ತೆ ಕಿತ್ತುಕೊಳ್ಳುವುದು ಕಷ್ಟ. ಪ್ರವಾಸಕ್ಕೆ ಬರುವ ಎಷ್ಟು ಮಂದಿಗೆ ಇದು ಗೊತ್ತಿದೆ?

ಮುಂದಿನ ವಾರ ಅಕ್ಕನ ಮಗ ಗೆಳೆಯರ ಜೊತೆ ಇದೇ ವ್ಯಾನಿನಲ್ಲಿ ಕರಾವಳಿಗೆ ಹೋಗಬೇಕೆಂದಿದ್ದಾನೆ. ಕೀಲಿ ಕೊಡುತ್ತೇನೆ, ಆದರೆ ಈ ಭಾನುವಾರ ಆಲೂರಿನಿಂದ ಬಾಳ್ಳುಪೇಟೆಯವರೆಗೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದೂ ಲಾರಿಯನ್ನು ದಾಟದೆ ಓಡಿಸಿ ತೋರಿಸಬೇಕು ಎಂದಿದ್ದೇನೆ. ಅವನು ಮುಖ ಊದಿಸಿಕೊಂಡಿದ್ದಾನೆ. ಈ ಸಲ ಭಾವ ನನ್ನ ಪರ.