"ಅರ್ಧ ಗಂಟೆ ಅಷ್ಟೇ, ಹಸು ಕಳಿಸ್ತೀರಾ?" ಅನ್ನುವವರಿಗೆ

ಬೆಂಗಳೂರಿನ ಸುತ್ತಮುತ್ತ ನಾಲ್ಕು ದನ ಕಟ್ಟಿಕೊಂಡಿರುವ ಯಾವ ಮನೆಯನ್ನು ಬೇಕಾದರೂ ಕೇಳಿ. ಆಷಾಢ ಕಳೆದು ಶ್ರಾವಣ ಹುಟ್ಟಿತು ಅಂದರೆ ಫೋನು ಶುರು. "ಅಣ್ಣಾ, ಗೃಹಪ್ರವೇಶ ಇಟ್ಕೊಂಡಿದೀವಿ. ನಿಮ್ಮ ಹಸು, ಕರು ಕಳಿಸ್ತೀರಾ? ಅರ್ಧ ಗಂಟೆ ಅಷ್ಟೇ."

ಉತ್ತರ ಇಲ್ಲಿದೆ, ಇನ್ನು ಮೇಲೆ ಇದನ್ನೇ ಓದಿಕೊಳ್ಳಿ. ಟೈಲ್ಸ್, ಗ್ರಾನೈಟ್ ಹಾಕಿದ ಮನೆಯೊಳಕ್ಕೆ ಹಸು ಬರುವುದಿಲ್ಲ. ಹೊಸ್ತಿಲ ಆಚೆ ಮಣ್ಣಿನ ನೆಲ ಇದ್ದರೆ ಅಲ್ಲಿಯ ತನಕ ಬರಬಹುದು. ಯಾವ ಹಸು, ಎಷ್ಟು ಹೊತ್ತಿಗೆ ಅನ್ನುವುದನ್ನು ದನ ಸಾಕಿದವರು ಹೇಳುತ್ತಾರೆ, ನೀವಲ್ಲ. ಮೂರನೇ ಮಹಡಿಯ ಫ್ಲ್ಯಾಟಿಗಂತೂ ಕೇಳಲೇ ಬೇಡಿ. ಮೆಟ್ಟಿಲು ಹತ್ತಿದ ಹಸು ಇಳಿಯಲು ಒಪ್ಪುವುದಿಲ್ಲ. ಇಳಿಯುವಾಗ ಮೈಭಾರವೆಲ್ಲ ಮುಂಗಾಲಿಗೆ ಬೀಳುತ್ತದೆ, ಕಾಲಿಡುವ ಜಾಗ ಅದಕ್ಕೆ ಸರಿಯಾಗಿ ಕಾಣುವುದೂ ಇಲ್ಲ.

ಇಷ್ಟು ಹೇಳಿದ ಕೂಡಲೇ ಇನ್ನೊಂದು ಮಾತು ಬರುತ್ತದೆ: "ಏನಣ್ಣಾ, ನಿಮಗೆ ದೇವರು ದಿಂಡರ ಮೇಲೆ ನಂಬಿಕೆ ಇಲ್ವಾ?" ಮೈ ಉರಿಯುವುದು ಈ ಮಾತಿಗೆ. ಹೊತ್ತು ಮೂಡುವ ಮೊದಲು ಎದ್ದು ಸಗಣಿ ಬಾಚಿ, ಗಂಜಲ ತೊಳೆದು, ಅದರ ಕಾಲಡಿ ಕೂತು ಏಳುವ ಮನೆಯವರನ್ನು, ವರ್ಷಕ್ಕೊಮ್ಮೆ ಹಸುವಿನ ಬಾಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರು ಕೇಳುವ ಪ್ರಶ್ನೆ ಇದು.

ಮೊದಲು ಆ ಅರ್ಧ ಗಂಟೆಯ ಲೆಕ್ಕ ನೋಡೋಣ. ಗೃಹಪ್ರವೇಶದ ಮುಹೂರ್ತ ಸಾಮಾನ್ಯವಾಗಿ ಬೆಳಗಿನ ಜಾವ 4.30ರಿಂದ 6ರೊಳಗೆ. ಊರಿನಿಂದ 25 ಕಿಲೋಮೀಟರ್ ದೂರ ಅಂದುಕೊಳ್ಳಿ, 3 ಗಂಟೆಗೆಲ್ಲ ಹಸುವನ್ನು ಎಬ್ಬಿಸಿ ಗಾಡಿ ಹತ್ತಿಸಬೇಕು. ಅದು ಮಲಗಿ ಮೆಲುಕು ಹಾಕುವ ಹೊತ್ತು. ದಿನಕ್ಕೆ 7-8 ಗಂಟೆ ಮೆಲುಕು ಹಾಕಿದರೇನೇ ತಿಂದದ್ದು ಮೈಗೆ ಹತ್ತುವುದು, ಕೆಚ್ಚಲಿಗೆ ಇಳಿಯುವುದು. ಗಾಡಿಯಲ್ಲಿ ಅದು ನಿಂತೇ ಬರಬೇಕು. ಅಲ್ಲಿ ಪುರೋಹಿತರಿಗೆ ಕಾಯಬೇಕು, ಆಮೇಲೆ ಫೋಟೋದವರಿಗೆ ಕಾಯಬೇಕು. ವಾಪಸು ಕೊಟ್ಟಿಗೆ ಸೇರುವಾಗ 8 ಗಂಟೆ. 5.30ಕ್ಕೆ ಕರೆಯಬೇಕಾದ ಹಾಲನ್ನು 8.30ಕ್ಕೆ ಕರೆಯಲು ಕೂತರೆ, ಡೇರಿಯ ಕ್ಯಾನು ಆಗಲೇ ಹೋಗಿಯಾಗಿದೆ. ಅದಕ್ಕಿಂತ ದೊಡ್ಡ ತೊಂದರೆ ಹಸು ಹಾಲು ಬಿಡದೇ ಇರುವುದು. ಬೆದರಿದ ಹಸುವಿನ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ, ಹಾಲು ಇಳಿಸುವ ಆಕ್ಸಿಟೋಸಿನ್ ಕೆಲಸವನ್ನು ಅದು ತಡೆಯುತ್ತದೆ. ಕೆಚ್ಚಲಲ್ಲಿ ಹಾಲು ಉಳಿಯಿತೆಂದರೆ ಕೆಚ್ಚಲು ಬಾವು ರೋಗಕ್ಕೆ ದಾರಿ ಮಾಡಿಕೊಟ್ಟ ಹಾಗೆ. ಶಂಖ, ಜಾಗಟೆ, ಕರ್ಪೂರದ ಬೆಂಕಿ, ಕ್ಯಾಮೆರಾದ ಫ್ಲ್ಯಾಶು ಎಲ್ಲವೂ ಅದರ ಮುಖದಿಂದ ಎರಡಡಿ ದೂರದಲ್ಲಿ ನಡೆಯುತ್ತವೆ ಅನ್ನುವುದು ನೆನಪಿರಲಿ.

ಈಗ ನೆಲದ ವಿಷಯ. ಹೊಳೆಯುವ ನೆಲದಲ್ಲಿ ಗೊರಸಿಗೆ ಹಿಡಿತ ಸಿಗುವುದಿಲ್ಲ. ಅದರ ಮೇಲೆ ರಂಗೋಲಿ ಪುಡಿ, ಕಲಶದ ನೀರು, ಉಕ್ಕಿಸಿದ ಹಾಲು ಚೆಲ್ಲಿರುತ್ತದೆ. ಹಸು ಜಾರುವಾಗ ಮೊದಲು ಹೋಗುವುದು ಹಿಂಗಾಲು, ಎರಡೂ ಕಾಲು ಎರಡು ಕಡೆಗೆ. ತೊಡೆಯ ಒಳಗಿನ ಮಾಂಸಖಂಡ ಹರಿಯುತ್ತದೆ, ಅಲ್ಲಿ ಹಾದುಹೋಗುವ ನರಕ್ಕೂ ಏಟು ಬೀಳಬಹುದು. 500 ಕಿಲೋ ತೂಗುವ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ತಳಿಯ ಹಸು ಹಾಗೆ ಬಿದ್ದರೆ ಎಬ್ಬಿಸುವುದು ಹುಡುಗಾಟವಲ್ಲ. ಒಂದೇ ಮಗ್ಗುಲಲ್ಲಿ ಗಂಟೆಗಟ್ಟಲೆ ಬಿದ್ದರೆ ಅದರ ಭಾರಕ್ಕೇ ಕೆಳಗಿನ ಕಾಲಿನ ಮಾಂಸ ಸಾಯುತ್ತದೆ. ಎಷ್ಟೋ ಹಸು ಮತ್ತೆ ಏಳುವುದೇ ಇಲ್ಲ.

"ಗೋಣಿಚೀಲ ಹಾಸ್ತೀವಿ ಅಣ್ಣಾ" ಅನ್ನುತ್ತಾರೆ. ಟೈಲ್ಸ್ ಮೇಲೆ ಗೋಣಿಚೀಲ ತಾನೇ ಜಾರುತ್ತದೆ, ಜಮಖಾನೆಯೂ ಅಷ್ಟೇ. ತೆಳ್ಳಗೆ ಮರಳು ಎರಚಿದರೆ ಇನ್ನೂ ಕೆಟ್ಟದ್ದು, ರಾಗಿ ಕಾಳಿನ ಮೇಲೆ ನಡೆದ ಹಾಗಾಗುತ್ತದೆ. ಹಾಸುವುದೇ ಆದರೆ ಕೊಟ್ಟಿಗೆಗೆ ಹಾಸುವ ದಪ್ಪ ರಬ್ಬರ್ ಮ್ಯಾಟೇ ಬೇಕು. ಆರೂವರೆ ಅಡಿ ಉದ್ದ, ನಾಲ್ಕಡಿ ಅಗಲದ್ದು, ಜಾರದ ಒರಟು ಬದಿ ಮೇಲೆ. ಬಾಗಿಲಿನಿಂದ ಒಳಗಿನವರೆಗೆ ಸಂದು ಬಿಡದೆ ಜೋಡಿಸಿ, ಹಸು ತಿರುಗಿಕೊಳ್ಳಲು ಹತ್ತಡಿ ಚೌಕದಷ್ಟು ಜಾಗಕ್ಕೂ ಹಾಸಬೇಕು. ತಿರುಗುವಾಗಲೇ ಜಾರುವುದು ಜಾಸ್ತಿ, ಆ ಜಾಗವನ್ನೇ ಜನ ಮರೆಯುತ್ತಾರೆ. ಮೂಗುದಾರ ಹಿಡಿದು ಮೇಲಕ್ಕೆ ಜಗ್ಗಬಾರದು. ತಲೆ ಎತ್ತಿಸಿದರೆ ಹಿಂಭಾಗ ಕುಸಿಯುತ್ತದೆ. ಹಸು ಹೊಸ್ತಿಲಲ್ಲಿ ತಡೆದು ನಿಂತರೆ "ಅಪಶಕುನ" ಅಂತ ಗುಜುಗುಜು ಬೇಡ. ಹೊರಗಿನ ಕತ್ತಲಿಂದ ಒಳಗಿನ ಝಗಝಗ ದೀಪಕ್ಕೆ, ಹೊಳೆಯುವ ನೆಲಕ್ಕೆ ಅದು ಹೆದರಿದೆ ಅಷ್ಟೇ. ಜಾರಿ ಬಿದ್ದೇ ಬಿಟ್ಟರೆ ಬಾಲ ಹಿಡಿದು ಎತ್ತಬೇಡಿ. ಎದೆಯ ಮೇಲೆ ಕೂರುವ ಹಾಗೆ ಸರಿಪಡಿಸಿ, ಹಿಂಗಾಲುಗಳು ಮತ್ತೆ ಅಗಲಿಸದಂತೆ ನಡುವೆ ಒಂದೆರಡು ಅಡಿ ಬಿಟ್ಟು ಮೆತ್ತನೆ ಹಗ್ಗದಲ್ಲಿ ಜೋಡಿ ಕಟ್ಟಿ, ಕಾಲಡಿಗೆ ಮ್ಯಾಟು ತಳ್ಳಿ, ಪಶುವೈದ್ಯರನ್ನು ಕರೆಸಿ.

ಇದಕ್ಕೆಲ್ಲ ಬದಲು ಹಸು ಅಂಗಳದಲ್ಲೇ ಇರಲಿ, ಮನೆಯವರು ಹೊರಗೆ ಬಂದು ಪೂಜೆ ಮಾಡಿ ಸುತ್ತು ಬರಲಿ ಅಂದರೆ ಬಹಳ ಪುರೋಹಿತರು ಒಪ್ಪುತ್ತಾರೆ. ಕೇಳುವವರಿಲ್ಲ, ಅಷ್ಟೇ. ಅದಕ್ಕೂ ಕರು ಹಾಕಿ ಹದಿನೈದು ದಿನ ಆಗದ ಹಸು, ಏಳು ತಿಂಗಳು ದಾಟಿದ ಗಬ್ಬದ ಹಸು ಬೇಡ. "ಪುಟ್ಟ ಕರು ಇದ್ದರೆ ಚೆನ್ನ" ಅಂತ ಎಲ್ಲರ ಆಸೆ. ನಾಲ್ಕು ದಿನದ ಕರುವಿಗೆ ಗಾಡಿಯ ಗಾಳಿಯೇ ಸಾಕು ಕಾಯಿಲೆಗೆ. ಹಬ್ಬದ ಸಾಲಿನಲ್ಲಿ ಒಂದೇ ಹಸುವನ್ನು ಬೆಳಿಗ್ಗೆ ನಾಲ್ಕು ಮನೆಗೆ ತಿರುಗಿಸುವವರೂ ಇದ್ದಾರೆ. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ದನದ ಜಾತ್ರೆ, ಸಂತೆಗಳನ್ನೇ ನಿಲ್ಲಿಸಿದ್ದು ಯಾಕೆ ಅನ್ನುವುದನ್ನು ಅಂಥವರು ನೆನೆಸಿಕೊಳ್ಳಬೇಕು.

ಇನ್ನು ಬಾಯಿಗೆ ಕೊಡುವುದು. ಗೋಗ್ರಾಸ ಅನ್ನುತ್ತೇವೆ. ಗ್ರಾಸ ಅಂದರೆ ತುತ್ತು. ಒಂದು ತುತ್ತು. ಮನೆಯವರು ಉಣ್ಣುವ ಮುಂಚೆ ಹಸುವಿಗೆ ಒಂದು ಹಿಡಿ ತೆಗೆದಿಡುವ ಪದ್ಧತಿ ಮಾಡಿದ ಹಿರಿಯರು ಅಳತೆಯನ್ನೂ ಹೆಸರಿನಲ್ಲೇ ಇಟ್ಟಿದ್ದಾರೆ. ಗೃಹಪ್ರವೇಶದಲ್ಲಿ ಆಗುವುದೇ ಬೇರೆ. ಮೂವತ್ತು ಜನ, ಒಬ್ಬೊಬ್ಬರದೂ ಎರಡೆರಡು ಬಾಳೆಹಣ್ಣು, ಅಕ್ಕಿ ಬೆಲ್ಲ, ಆಮೇಲೆ ಸಿಹಿ ಪೊಂಗಲ್, ಪಾಯಸ. ಹಸುವಿನ ಮೊದಲ ಹೊಟ್ಟೆಯೊಂದರಲ್ಲೇ ನೂರು ಲೀಟರಿಗೂ ಮೇಲ್ಪಟ್ಟು ಹಿಡಿಯುತ್ತದೆ ನಿಜ. ಆದರೆ ಅದು ಹುಲ್ಲಿಗೆ ಅಂತ ಆದ ಹೊಟ್ಟೆ. ಅಲ್ಲಿರುವ ಸೂಕ್ಷ್ಮಜೀವಿಗಳು ನಾರನ್ನು ಕರಗಿಸುತ್ತವೆ, ಹುಳಿಯ ಅಳತೆಯಾದ ಪಿಎಚ್ 6ರಿಂದ 7ರ ನಡುವೆ ಇರುತ್ತದೆ. ಬೆಂದ ಅನ್ನ, ಬೆಲ್ಲ ಒಂದೇ ಸಲ ರಾಶಿ ಬಿದ್ದರೆ ಹುಳಿ ಹುಟ್ಟಿಸುವ ಜೀವಿಗಳು ಏಕಾಏಕಿ ಹೆಚ್ಚುತ್ತವೆ. ಪಿಎಚ್ 5ರ ಹತ್ತಿರಕ್ಕೆ ಇಳಿಯಿತೋ, ಮೆಲುಕು ನಿಂತಿತು. ಹುಳಿ ವಾಸನೆಯ ಭೇದಿ, ತೂರಾಡುವ ನಡಿಗೆ, ಕಡೆಗೆ ನೆಲ ಹಿಡಿಯುವುದು. ಇದು ಕಾಣುವುದು 12 ಗಂಟೆ ಕಳೆದ ಮೇಲೆ, ಕೆಲವೊಮ್ಮೆ ಮಾರನೇ ದಿನ. ಪಾಯಸ ತಿನ್ನಿಸಿದವರು ಅಷ್ಟರಲ್ಲಿ ಹೊಸ ಮನೆಯಲ್ಲಿ ನಿದ್ದೆ ಮಾಡುತ್ತಿರುತ್ತಾರೆ, ತಾವು ಮಾಡಿದ್ದೇನು ಅಂತ ಅವರಿಗೆ ಯಾವತ್ತೂ ತಿಳಿಯುವುದಿಲ್ಲ. ಇಡೀ ಸಮಾರಂಭಕ್ಕೆ ನಾಲ್ಕೈದು ಬಾಳೆಹಣ್ಣು, ಒಂದು ಹಿಡಿ ಅಕ್ಕಿ ಬೆಲ್ಲ ಸಾಕು. ಬಂದವರೆಲ್ಲ ಕೊಡಲೇಬೇಕು ಅಂದರೆ ಆಳಿಗೊಂದು ಎಸಳು ಗರಿಕೆ ಕೊಡಲಿ.

ಹಾರದ ಬಗ್ಗೆ ಒಂದು ಮಾತು ಹೇಳದಿದ್ದರೆ ಆಗದು. ಅಂಗಡಿಯ ದಪ್ಪ ಹಾರವನ್ನು ಬಿಚ್ಚಿ ನೋಡಿ. ಜರಿ ಕಾಗದ, ಪ್ಲಾಸ್ಟಿಕ್ ದಾರ, ಒಳಗೆ ಗುಂಡುಸೂಜಿಯೋ ತೆಳು ತಂತಿಯೋ ಸಿಗುವುದುಂಟು. ಪಕ್ಕದ ಹಸುವಿನ ಕೊರಳ ಹಾರ ಇದಕ್ಕೆ ಮೇವು, ಇದರದು ಅದಕ್ಕೆ. ಹಸು ತುತ್ತನ್ನು ಜಗಿದು ಶೋಧಿಸುವುದಿಲ್ಲ, ನಾಲಿಗೆ ಸುತ್ತಿ ಎಳೆದು ನುಂಗುತ್ತದೆ. ತಂತಿ ಹೋಗಿ ಕೂರುವುದು ಜೇನುಗೂಡಿನ ಹಾಗೆ ಕಾಣುವ ಎರಡನೇ ಹೊಟ್ಟೆಯಲ್ಲಿ. ಅಲ್ಲಿಂದ ಹೃದಯಕ್ಕೆ ನಡುವೆ ಇರುವುದು ಎದೆ, ಹೊಟ್ಟೆಯನ್ನು ಬೇರೆ ಮಾಡುವ ವಪೆಯ ಪರದೆ ಮಾತ್ರ. ತಂತಿ ಅದನ್ನು ಚುಚ್ಚಿ ಮುಂದೆ ಸಾಗಿದರೆ ಹಸು ಮೊಣಕೈ ಹೊರಚಾಚಿ ನಿಲ್ಲುತ್ತದೆ, ಇಳಿಜಾರು ಇಳಿಯಲು ಹಿಂಜರಿಯುತ್ತದೆ, ಎದೆಯ ಕೆಳಗೆ ಊತ ಬರುತ್ತದೆ. ಮನೆಯಲ್ಲೇ ಬಾಳೆನಾರಿನಲ್ಲಿ ಕಟ್ಟಿದ ಚೆಂಡು ಹೂವಿನ ಸರ ಹಾಕಿ, ಪೂಜೆ ಮುಗಿದ ಕೂಡಲೇ ತೆಗೆಯಿರಿ. ಅರಿಸಿನ ಕುಂಕುಮ ಹಣೆಗೆ ಇಡಿ, ಕಣ್ಣಿಗೆ ಉದುರುವಷ್ಟು ಬೇಡ.

ಇಷ್ಟು ಜನ ಕೇಳುತ್ತಾರಲ್ಲ, ಒಬ್ಬರಾದರೂ ಕೇಳಬೇಕಿದ್ದ ಪ್ರಶ್ನೆ ಒಂದಿದೆ. ನಿಮ್ಮ ಮನೆಯಲ್ಲೇ ಮದುವೆಯೋ ಸಾವೋ ಆದ ದಿನ ಹಾಲು ಕರೆಯುವವರು ಯಾರು?

ದನ ಇರುವ ಮನೆಯ ಭಕ್ತಿ ಗೊತ್ತಾಗುವುದು ಅಲ್ಲಿ. ಏಕಾದಶಿಗೆ ಮನೆಯವರು ಉಪವಾಸ ಇರಬಹುದು, ಹಸು ಇರುವುದಿಲ್ಲ. ಗ್ರಹಣದಲ್ಲಿ ಒಲೆ ಹಚ್ಚದಿದ್ದರೂ ಗೊಂತಿಗೆ ಹುಲ್ಲು ಬೀಳಲೇಬೇಕು. ಸೋಮವಾರ ಬಸವಣ್ಣನ ದಿನ ಅಂತ ಎತ್ತಿಗೆ ನೊಗ ಹೂಡದ ಮನೆಗಳು ಇವತ್ತಿಗೂ ಇವೆ, ಆದರೆ ಕರೆಯುವ ಹಸುವಿಗೆ ಸೋಮವಾರವೂ ಇಲ್ಲ, ಭಾನುವಾರವೂ ಇಲ್ಲ. ದೀಪ ಹಚ್ಚಿದ ಮೇಲೆ ಹಾಲು, ಮೊಸರು ಹೊರಗೆ ಕೊಡಬಾರದು ಅನ್ನುವ ಮನೆಗಳು ಸಂಜೆಯ ಕ್ಯಾನನ್ನು ಡೇರಿಗೆ ಕಳಿಸಿ ಆಮೇಲೆ ದೀಪ ಹಚ್ಚುತ್ತವೆ. ಕರು ಹಾಕಿದಾಗ ಹತ್ತು ದಿನ ಆ ಹಾಲನ್ನು ದೇವರಿಗೆ ಇಡದ ಪದ್ಧತಿ ಬಹಳ ಕಡೆ ಇದೆ. ಅದು ಕರುವಿಗೂ ಒಳ್ಳೆಯದು. ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣು ಹಾಲು ಕರುವಿನ ಹೊಟ್ಟೆಗೆ ಬೀಳಬೇಕು. 30 ಕಿಲೋ ಕರುವಾದರೆ ಮೊದಲ ಆರು ಗಂಟೆಯಲ್ಲಿ 3 ಲೀಟರ್. ಮನೆಯವರ ಗಿಣ್ಣು ಆಮೇಲೆ. ಸಂಕ್ರಾಂತಿಗೆ ಕಿಚ್ಚು ಹಾಯಿಸುವ ಮನೆಯಲ್ಲೂ ಕೆಚ್ಚಲು ಜೋತ ಹಸುವನ್ನು, ಗಬ್ಬದ ಹಸುವನ್ನು ಬೆಂಕಿಯ ಹತ್ತಿರ ತರಬಾರದು. ಅವಕ್ಕೆ ಮೈ ತೊಳೆದು ಪೂಜೆ ಮಾಡಿದರೆ ಹಬ್ಬ ಆಯಿತು.

ಸಾವಿನ ಮನೆಯಲ್ಲಿ ದೇವರ ದೀಪ ನಿಲ್ಲುತ್ತದೆ, ತಿಥಿಯವರೆಗೆ ಪೂಜೆ ಇಲ್ಲ. ಹಾಲು ಕರೆಯುವುದು ಮಾತ್ರ ನಿಲ್ಲಿಸುವ ಹಾಗಿಲ್ಲ. ಹಾಗಾಗಿ ಪಕ್ಕದ ಮನೆಯವರು ಬಂದು ಕೂರುತ್ತಾರೆ, ಯಾರೂ ಹೇಳಿ ಕಳಿಸುವ ಮುಂಚೆಯೇ. ಹೊಸ ಕೈಗೆ ಹಸು ಒದೆಯುತ್ತದೆ. ಅದಕ್ಕೇ ಮನೆಯಾಕೆಯ ಹಳೇ ಸೀರೆಯನ್ನು ಹೆಗಲಿಗೆ ಸುತ್ತಿಕೊಂಡು, ಅದೇ ವಾಸನೆಯಲ್ಲಿ, ಅವಳು ಕೂರುವ ಮಗ್ಗುಲಲ್ಲೇ ಕೂರುತ್ತಾರೆ. ಉಗುರು ಬೆಚ್ಚಗಿನ ನೀರಲ್ಲಿ ಕೆಚ್ಚಲು ತೊಳೆದು, ಒಣ ಬಟ್ಟೆಯಲ್ಲಿ ಒರೆಸಿ, ಕರುವನ್ನು ಒಂದು ನಿಮಿಷ ಬಿಟ್ಟು, ಪ್ರತಿ ಮೊಲೆಯ ಮೊದಲ ಎರಡು ಮೂರು ಧಾರೆ ಬೇರೆ ಬಟ್ಟಲಿಗೆ ಹಿಂಡಿ ಗರಣೆ (ಹೆಪ್ಪುಗಟ್ಟಿದ ಹಾಲಿನ ಚೂರು) ಇದೆಯೇ ನೋಡಿ, ಏಳೆಂಟು ನಿಮಿಷದೊಳಗೆ ಕರೆದು ಮುಗಿಸಬೇಕು. ಅಷ್ಟು ಹೊತ್ತು ಮಾತ್ರ ಹಾಲು ಇಳಿಯುವುದು. ಯಾವ ಹಸುವಿಗೆ ಎಷ್ಟು ಬೂಸಾ, ಯಾವುದು ಬಲಗಾಲು ಝಾಡಿಸುತ್ತದೆ, ಯಾವುದು ಬೆದೆಗೆ ಬಂದಿದೆ ಅನ್ನುವುದನ್ನು ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದಿಟ್ಟಿರುವ ಮನೆ ಜಾಣ ಮನೆ. ಹತ್ತು ಲೀಟರ್ ಕೊಡುವ ಹಸುವಿಗೆ ದಿನಕ್ಕೆ ಐದಾರು ಕಿಲೋ ಪಶು ಆಹಾರ, 20-25 ಕಿಲೋ ಹಸಿ ಮೇವು, ಐದು ಕಿಲೋ ಒಣಹುಲ್ಲು, 50 ಗ್ರಾಂ ಖನಿಜ ಮಿಶ್ರಣ: ಇಷ್ಟನ್ನಾದರೂ ಬರೆದಿಡಿ. ಹನ್ನೊಂದು ದಿನ ಹೀಗೆ ಎರಡು ಹೊತ್ತೂ ಬಂದು ಹೋಗುವ ನೆರೆಯವರು ಅದನ್ನು ಪುಣ್ಯ ಅಂತಲೂ ಹೇಳುವುದಿಲ್ಲ, ಲೆಕ್ಕವನ್ನೂ ಇಡುವುದಿಲ್ಲ.

ಗೋಪೂಜೆ ಮಾಡಲೇಬೇಕು ಅನ್ನುವ ಆಸೆ ನಿಜವಾಗಿಯೂ ಇದ್ದರೆ, ನೀವೇ ಕೊಟ್ಟಿಗೆಗೆ ಬನ್ನಿ. ಹೊಸ ಮನೆಗೆ ಹೋಗುವ ಹಿಂದಿನ ದಿನವಾದರೂ ಸರಿ, ಬೆಳಿಗ್ಗೆ 6ಕ್ಕೆ, ಹಾಲು ಕರೆದು ಏಳುವ ಹೊತ್ತಿಗೆ. ಬರುವಾಗ ಪಾಯಸ ಬೇಡ, ಒಂದು ತಬ್ಬು ಹಸಿ ಜೋಳದ ಕಡ್ಡಿ ತನ್ನಿ. ಕರೆದ ಮೇಲೆ ಮೊಲೆತೊಟ್ಟಿನ ರಂಧ್ರ ಮುಚ್ಚಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು. ಅಷ್ಟರೊಳಗೆ ಹಸು ಸಗಣಿ ನೆಲದಲ್ಲಿ ಮಲಗಿದರೆ ಬಾವಿನ ಕ್ರಿಮಿ ನೇರ ಒಳಕ್ಕೆ. ಅದಕ್ಕೇ ಆಗ ಗೊಂತಿಗೆ ಮೇವು ಹಾಕಿ ನಿಲ್ಲಿಸಬೇಕು. ಹಣೆಗೆ ಅರಿಸಿನ ಕುಂಕುಮ ಇಟ್ಟು, ಮಕ್ಕಳ ಕೈಯಲ್ಲಿ ಒಂದೊಂದೇ ಕಡ್ಡಿ ಕೊಡಿಸಿ. ಒಂದು ಕಡ್ಡಿ ಮುಗಿದ ಮೇಲೆ ಇನ್ನೊಂದು. ಅರ್ಧ ಗಂಟೆ ಹಾಗೆ ನಿಲ್ಲಿಸಿಕೊಳ್ಳಿ, ಮಲಗಲು ಬಿಡಬೇಡಿ.